ಪಡಸಾಲಿ ಬತ್ತಿಗೆ ಓಟಿಪಿ

ನಮ್ಮೂರ ಹೆಸರು ಕೊಡ್ಲಿ. ಕಲಬುರಗಿ ಸೀಮೆಯವರಿಗೆ ಇಷ್ಟೇ ಸಾಕು. ಕಾಳಗಿ ತಾಲೂಕು ಅಂತ ಅವರೇ ಸೇರಿಸಿಕೊಳ್ಳುತ್ತಾರೆ, ಸ್ವಲ್ಪ ವಯಸ್ಸಾದವರಾದರೆ ಚಿಂಚೋಳಿ ತಾಲೂಕು ಅನ್ನುತ್ತಾರೆ. ಉಳಿದ ಕರ್ನಾಟಕಕ್ಕೆ ಮಾತ್ರ ಇದು ಊರಲ್ಲ, ಕ್ರಿಯಾಪದ. ಪಾರ್ಸೆಲ್ ಹುಡುಗ ಫೋನ್ ಮಾಡುತ್ತಾನೆ: “ಸರ, ನಿಮ್ದೊಂದು ಡಬ್ಬಿ ಬಂದದ. ಎಲ್ಲಿ ಕೊಡ್ಲಿ?” ನಾನು “ಹೂಂ, ಕೊಡ್ಲಿ” ಅನ್ನುತ್ತೇನೆ. “ಅದೇ ಕೇಳ್ಲತೀನ್ರಿ, ಎಲ್ಲಿ ಕೊಡ್ಲಿ?” “ಕೊಡ್ಲಿಗೇ ಕೊಡೋ ತಮ್ಮಾ.” ಹೊಸ ಹುಡುಗನಾದರೆ ಇಷ್ಟಕ್ಕೆ ಫೋನ್ ಇಟ್ಟುಬಿಡುತ್ತಾನೆ. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಕನ್ನಡ ವ್ಯಾಕರಣ ಹೇಳಿದವನು ನಾನು. ವಿಧ್ಯರ್ಥಕ ಕ್ರಿಯಾಪದದಲ್ಲೇ ಹುಟ್ಟಿ, ಅದರಲ್ಲೇ ಮನೆ ಕಟ್ಟಿ, ಅದರಲ್ಲೇ ಪಿಂಚಣಿ ತಿನ್ನುವ ಭಾಗ್ಯ ಎಷ್ಟು ಮಾಸ್ತರರಿಗೆ ಉಂಟು ಹೇಳಿ!

ಡಬ್ಬಿಗಳು ಬರುವುದು ಮಗನಿಂದ. ಅವನು ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದವನು. ಹಬ್ಬಕ್ಕೆ ತಾನು ಬರುವ ಬದಲು ಡಬ್ಬಿ ಕಳಿಸುತ್ತಾನೆ. ದೀಪಾವಳಿಗೆ ಬಲ್ಬು ಬಂತು. ಸಂಕ್ರಾಂತಿಗೆ ಗೀಸರಿನ ಪ್ಲಗ್ಗು, ಯುಗಾದಿಗೆ ಮಾತಾಡುವ ಡಬ್ಬಿ, ಪಂಚಮಿಗೆ ಬಾಗಿಲ ಗಂಟೆಯ ಕ್ಯಾಮೆರಾ. ನಡುವೆ ಒಂದು ರಿಮೋಟಿನ ಫ್ಯಾನು. ಡಲ್ಲಾಸಿನ ಅಳಿಯ ತಾನೇನು ಕಡಿಮೆ ಎಂದು ಬೀಗ ತಂದ. ಕಲಬುರಗಿಯಲ್ಲಿ ಇಂಜಿನಿಯರಿಂಗ್ ಓದುವ ತಮ್ಮನ ಮಗ, ಯಾರಾದರೂ ಓಡಾಡಿದರೆ ಗುರುತು ಹಿಡಿಯುವ ಒಂದು ಬಿಳಿ ಗುಂಡಿಯನ್ನು ತಂದು ಹಿತ್ತಲ ಬಾಗಿಲಿಗೆ ಅಂಟಿಸಿದ. ಯಾವ ಯಾವ ಕಂಪನಿಯ ಸಾಮಾನು ಎಂದು ಕೇಳಬೇಡಿ. ಬೀಗರ ಹೆಸರು ಬೀದಿಗೆ ಹಾಕುವುದು ನಮ್ಮ ಮನೆತನದಲ್ಲಿಲ್ಲ.

ಏಳಕ್ಕೆ ಏಳೂ ಡಬ್ಬಿಗಳ ಮೇಲೆ “ಸ್ಮಾರ್ಟ್” ಎಂದು ಬರೆದಿತ್ತು. ನನಗೆ ಆಗಲೇ ಅನುಮಾನ ಬರಬೇಕಿತ್ತು. ಏಳು ಜಾಣ ಹುಡುಗರನ್ನು ಒಂದೇ ಬೆಂಚಿನ ಮೇಲೆ ಕೂರಿಸಿ ಗ್ಯಾದರಿಂಗಿಗೆ ನಾಟಕ ಆಡಿಸಲು ಹೋದ ಮಾಸ್ತರ ಯಾರಾದರೂ ಗೆದ್ದದ್ದುಂಟೇ? ಒಬ್ಬನಾದರೂ ದಡ್ಡ ಬೇಕು, ಹೇಳಿದ ಮಾತು ಕೇಳುವವನು.

ಬಲ್ಬಿನದು ಮೊದಲು ಹೇಳುತ್ತೇನೆ. ಪಡಸಾಲೆಯ ಹೋಲ್ಡರಿಗೆ ಸಲೀಸಾಗಿ ಕೂತಿತು. ಅದರಲ್ಲಿ ಅದರ ಜಾಣತನವೇನಿಲ್ಲ. ಎರಡು ಕಿವಿಯ ಬಲ್ಬು, ಇಪ್ಪತ್ತೆರಡು ಮಿಲಿಮೀಟರಿನ ಹೋಲ್ಡರು, ಇಂಗ್ಲಿಷರ ಕಾಲದಿಂದ ನಡೆದುಬಂದ ಅಳತೆ. ಯಾವ ಕಂಪನಿಯ ಬಲ್ಬನ್ನಾದರೂ ಯಾವ ಕಂಪನಿಯ ಹೋಲ್ಡರಿಗಾದರೂ ಒತ್ತಿ ತಿರುವಿದರೆ ಮುಗಿಯಿತು. ಹೋಲ್ಡರು ಯಾವತ್ತೂ “ನಿನ್ನ ಖಾತೆ ಯಾವುದು, ಗುಪ್ತಪದ ಹೇಳು” ಅಂದದ್ದಿಲ್ಲ. ಆ ದಡ್ಡ ಹೋಲ್ಡರಿನ ಮಟ್ಟಕ್ಕೆ ಈ ಬಲ್ಬು ಆಮೇಲೆ ಒಂದು ದಿನವೂ ಏರಲಿಲ್ಲ.

ಬಲ್ಬಿನದು ಒಂದೇ ಷರತ್ತು. ಗೋಡೆಯ ಸ್ವಿಚ್ಚು ಹಗಲಿರುಳೂ ಹಚ್ಚಿಯೇ ಇರಬೇಕು, ದೀಪ ಹಚ್ಚುವುದು ಆರಿಸುವುದು ಫೋನಿನಲ್ಲಿ. ಸ್ವಿಚ್ಚು ಆರಿಸಿದಿರೋ, ಬಲ್ಬಿನೊಳಗಿನ ರೇಡಿಯೋಗೂ ಜೀವ ಹೋಗಿ ಫೋನು “ಆಫ್‌ಲೈನ್” ಎಂದು ಮುಖ ಸಿಂಡರಿಸುತ್ತದೆ. ಇತ್ತ ನಮ್ಮ ಅವ್ವ ಎಂಬತ್ತು ದಾಟಿದವಳು. ಮದುವೆಯಾಗಿ ಈ ಮನೆ ಹೊಕ್ಕಂದಿನಿಂದ ಮಲಗುವ ಮುಂಚೆ ಕಡೆಯ ದೀಪ ಆರಿಸುವ ಅಧಿಕಾರ ಅವಳದು. ಚಿಮಣಿ ಊದಿದಳು, ಕಂದೀಲಿನ ಬತ್ತಿ ಇಳಿಸಿದಳು, ಆಮೇಲೆ ಸ್ವಿಚ್ಚಿಗೆ ಬಂದಳು. ಆ ಬೆರಳನ್ನು ತಡೆಯಲು ನಾನು ಸ್ವಿಚ್ಚಿನ ಮೇಲೆ ಟೇಪು ಹಚ್ಚಿದೆ.

“ಇದ್ಯಾಕ ಸ್ವಿಚ್ಚಿಗಿ ಪಟ್ಟಿ ಕಟ್ಟೀದಿ? ಗಾಯ ಆಗ್ಯಾದೇನು?”

“ಅವ್ವಾ, ಅದನ್ನ ಮುಟ್ಟಬ್ಯಾಡ. ಬತ್ತಿ ಫೋನಿನಾಗ ಆರಸಬೇಕು.”

“ಫೋನ್ ಎಲ್ಲದ?”

“ಒಳಗ ಚಾರ್ಜಿಗಿ ಹಚ್ಚೀನಿ.”

“ಅಂದ್ರ, ಸ್ವಿಚ್ ಕೈಯಾಗೇ ಅದ, ಅದನ್ನ ಮುಟ್ಟಬಾರದು. ಒಳಗ ಹೋಗಿ ಫೋನ್ ತಂದು, ಅದರ ಮಾರಿ ತಿಕ್ಕಿ ಬತ್ತಿ ಆರಸಬೇಕು. ಇದಕ್ಕ ರೊಕ್ಕ ಬ್ಯಾರೆ ಕೊಟ್ಟೀರಿ!”

ಆ ರಾತ್ರಿಯೇ ಫೋನು ನನ್ನನ್ನು ಮರೆತುಬಿಟ್ಟಿತು. ಈ ಆಪ್‌ಗಳಿಗೆ ಆಗಾಗ ಹೀಗೆ ಮರೆವು ಬರುತ್ತದೆ, ಮೊನ್ನೆ ಮೊನ್ನೆ ಪರಿಚಯವಾದವರಂತೆ ಮತ್ತೆ “ತಾವು ಯಾರು?” ಅನ್ನುತ್ತವೆ. ಯಾರೆಂದು ಸಾಬೀತು ಮಾಡಲು ಓಟಿಪಿ ಬೇಕು. ಖಾತೆ ತೆರೆದವನು ಮಗ, ಓಟಿಪಿ ಹೋಗುವುದು ಮಗನ ಫೋನಿಗೆ. ರಾತ್ರಿ ಹತ್ತಕ್ಕೆ ಫೋನ್ ಮಾಡಿದೆ. ಅವನ ಕಂಪನಿಯವರು ಅಮೆರಿಕದವರ ಜೊತೆ ಅದೇ ಹೊತ್ತಿಗೆ ಮಾತಾಡುತ್ತಾರಂತೆ.

“ಅಪ್ಪಾ, ಮೀಟಿಂಗಿನಾಗ ಇದ್ದೀನಿ. ಏನ್ ಅರ್ಜೆಂಟದ?”

“ಪಡಸಾಲಿ ಬತ್ತಿ ಆರಸಬೇಕಾಗ್ಯಾದ. ನಿನಗೊಂದು ಓಟಿಪಿ ಬಂದದ ನೋಡು, ಹೇಳು.”

ಅವನು ಆರು ಅಂಕಿ ಪಿಸುಗುಟ್ಟಿದ. ನಾನು ಕನ್ನಡಕ ಹುಡುಕಿ ಬರುವಷ್ಟರಲ್ಲಿ ಅಂಕಿಗಳ ಆಯುಷ್ಯ ಮುಗಿದಿತ್ತು. ಇನ್ನೊಮ್ಮೆ ಕೇಳೋಣವೆಂದರೆ ಪಡಸಾಲೆಯಿಂದ “ಟಕ್” ಎಂದು ಸದ್ದಾಯಿತು. ಅವ್ವ ಟೇಪು ಕಿತ್ತು ಮುದ್ದೆ ಮಾಡಿ ನನ್ನ ಕೈಗೆ ಕೊಟ್ಟು ಮಲಗಲು ಹೋದಳು.

ಬಲ್ಬೊಂದೇ ಆಗಿದ್ದರೆ ಹೇಗೋ ಬಾಳುವೆ ಮಾಡಬಹುದಿತ್ತು. ಆದರೆ ಮಗನ ಕನಸು ದೊಡ್ಡದು. ಬಾಗಿಲು ತೆರೆದರೆ ದೀಪ ಹತ್ತಬೇಕು, ದೀಪ ಆರಿದರೆ ಫ್ಯಾನು ತಿರುಗಬೇಕು, “ಗುಡ್ ನೈಟ್” ಅಂದರೆ ಗೀಸರು ತಾನಾಗಿ ಬಂದಾಗಬೇಕು. ಅದಕ್ಕೆ ಏಳೂ ಸಾಮಾನುಗಳು ಒಂದಕ್ಕೊಂದು ಮಾತಾಡಬೇಕು. ಒಂದೊಂದಕ್ಕೆ ಒಂದೊಂದು ಆಪು, ಒಂದೊಂದು ಗುಪ್ತಪದ. ಆ ಗುಪ್ತಪದಗಳನ್ನು ನಾನು ಪಂಚಾಂಗದ ಕೊನೆಯ ಹಾಳೆಯಲ್ಲಿ ಬರೆದಿಟ್ಟಿದ್ದೆ. ಯುಗಾದಿ ಬಂತು, ಮನೆಯಾಕೆ ಹಳೇ ಪಂಚಾಂಗ ರದ್ದಿಗೆ ಹಾಕಿದಳು.

ತಮ್ಮನ ಮಗ ಎರಡು ದಿನ ರಜೆ ಹಾಕಿ ಬಂದ. ಬಂದವನೇ ಗೋಡೆ ಬಡಿದು ನೋಡಿದ.

“ದೊಡ್ಡಪ್ಪಾ, ಇದು ಮನಿಯೋ ಕೋಟೆಯೋ?”

ನಮ್ಮದು ಶಹಾಬಾದಿನ ಕಲ್ಲಿನ ಸೀಮೆ. ಕಾಲ ಕೆಳಗೆ ಪರಸಿ, ತಲೆಯ ಮೇಲೂ ಪರಸಿ, ನಡುವೆ ಎರಡು ಮೊಳದ ಗೋಡೆ. ಬ್ಯಾಸಿಗೆಯಲ್ಲಿ ಬಿಸಿಲು ಒಳಗೆ ಬರಬಾರದು ಎಂದು ಮುತ್ತ್ಯಾ ಕಟ್ಟಿಸಿದ್ದು. ಬಿಸಿಲೇ ಬರದ ಕಡೆ ವೈಫೈ ಎಲ್ಲಿಂದ ಬರಬೇಕು? ಆಗ ಅವನು ಹೇಳಿದ್ದು ನನಗೆ ಇಷ್ಟು ಅರ್ಥವಾಯಿತು. ವೈಫೈ ಪೆಟ್ಟಿಗೆ ಎರಡು ಶ್ರುತಿಯಲ್ಲಿ ಹಾಡುತ್ತದೆ, 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್. ಐದರದು ಓಟ ಜೋರು, ಗೋಡೆ ಕಂಡರೆ ಮಾತ್ರ ಕೂತುಬಿಡುತ್ತದೆ. ಎರಡೂ ಚಿಲ್ಲರೆಯದು ನಿಧಾನ, ಆದರೂ ತಡವರಿಸಿ ಗೋಡೆ ದಾಟುತ್ತದೆ. ಬಲ್ಬು ಪ್ಲಗ್ಗುಗಳೊಳಗೆ ಇಡುವುದು ಅಗ್ಗದ ಚಿಪ್ಪು, ಬಹುಪಾಲು ಅವಕ್ಕೆ 2.4 ಒಂದೇ ಗೊತ್ತು. ಫೋನು ಐದಕ್ಕೆ ಜೋತುಬಿದ್ದಿರುತ್ತದೆ. ಎರಡಕ್ಕೂ ಪರಿಚಯ ಮಾಡಿಸುವ ಹೊತ್ತಿನಲ್ಲಿ ಫೋನನ್ನು ಕೆಳಗಿನ ಶ್ರುತಿಗೆ ಇಳಿಸದಿದ್ದರೆ ಆಪು “ಸಾಮಾನು ಸಿಗಲಿಲ್ಲ” ಅನ್ನುತ್ತಲೇ ಇರುತ್ತದೆ. ನಾನು ಮೂರು ದಿನ ಬಲ್ಬಿನ ಕೆಳಗೇ ನಿಂತು ಫೋನಿಗೆ ಬಲ್ಬು ತೋರಿಸಿದ್ದೆ. ಅದು ಮೂರು ದಿನವೂ ಸಿಗಲಿಲ್ಲ ಅಂದಿತ್ತು.

ಅವನು ಹಿತ್ತಲಿಗೆ ಅಂಟಿಸಿದ ಗುಂಡಿಯದು ಇನ್ನೊಂದು ಕುಲ, ಜಿಗ್‌ಬೀ. ಜೇನುಹುಳುಗಳು ಹೂವಿನ ದಾರಿ ಹೇಳಲು ಓಲಾಡಿ ಕುಣಿಯುತ್ತವಲ್ಲ, ಆ ಕುಣಿತದಿಂದ ಬಂದ ಹೆಸರಂತೆ. 2004ರಿಂದ ಚಾಲ್ತಿಯಲ್ಲಿದೆ, ಬ್ಯಾಟರಿ ಬಹಳ ಕಡಿಮೆ ತಿನ್ನುತ್ತದೆ. ಸುದ್ದಿಯನ್ನು ಒಂದು ಸಾಮಾನು ಪಕ್ಕದ ಸಾಮಾನಿಗೆ, ಅದು ಮುಂದಿನದಕ್ಕೆ, ಹೀಗೆ ನಮ್ಮ ಓಣಿಯಲ್ಲಿ ಮದುವೆ ಮುರಿದ ಸುದ್ದಿ ಹೋಗುವಂತೆ ದಾಟಿಸುತ್ತದೆ. ಎರಡು ಮೊಳದ ಗೋಡೆಯೂ ಅಡ್ಡಿಯಿಲ್ಲ, ಸುತ್ತಿ ಹೋಗುತ್ತದೆ. ಆದರೆ ದಾಟಿಸುವ ಕೆಲಸ ಕರೆಂಟಿನ ಮೇಲೆ ಬದುಕುವ ಸಾಮಾನುಗಳದು. ಅದಕ್ಕಾಗಿ ಅವನು ನಡುಮನೆಗೊಂದು ಅದೇ ಕುಲದ ಬಲ್ಬು ತಂದು ಹಾಕಿದ. ಆ ಬಲ್ಬಿಗೂ ಒಂದು ಸ್ವಿಚ್ಚು ಇತ್ತು. ಆ ಸ್ವಿಚ್ಚಿಗೂ ಅವ್ವನ ಬೆರಳಿಗೂ ಹಳೇ ಸಲುಗೆ. ರಾತ್ರಿ ಹತ್ತಕ್ಕೆ ಅವ್ವ “ಟಕ್” ಅನಿಸಿದರೆ ಹಿತ್ತಲಿನ ಗುಂಡಿ ಅನಾಥ.

“ಇವಕ್ಕೆಲ್ಲ ಸೇರಿ ಒಂದು ಭಾಷೆ ಇಲ್ಲೇನಪ್ಪ?” ಎಂದು ಕೇಳಿದೆ.

ಅವನು ಮುಕ್ಕಾಲು ತಾಸು ಹೇಳಿದ. ಕೇಳುತ್ತ ಕೇಳುತ್ತ ನನಗೆ ಮೈ ಜುಮ್ಮೆಂದಿತು, ಯಾಕೆಂದರೆ ಅವನು ಹೇಳುತ್ತಿದ್ದುದು ಎಂಟನೇ ತರಗತಿಯ ಸಂಧಿ ಪ್ರಕರಣ! ಎರಡು ಕಂಪನಿಯ ಸಾಮಾನು ಸೇರಬೇಕಾದರೆ ದಾರಿ ಮೂರೇ. ನಡುವೆ ಮೂರನೆಯದೊಂದು ಪೆಟ್ಟಿಗೆ ತಂದಿಡಬೇಕು. ಅದಕ್ಕೆ ಹಬ್ ಅನ್ನುತ್ತಾರೆ. ಮನೆ ಮತ್ತು ಅಲ್ಲಿ ಸೇರುವಾಗ ನಡುವೆ ಯಕಾರ ಬಂದು ಕೂತು ಮನೆಯಲ್ಲಿ ಆಗುತ್ತದಲ್ಲ, ಆಗಮ ಸಂಧಿ. ಯಕಾರ ಪುಕ್ಕಟೆ, ಹಬ್ಬಿಗೆ ಸಾವಿರಗಟ್ಟಲೆ. ಇಲ್ಲವೋ, ಸೇರುತ್ತವೆ, ಆದರೆ ಸೇರುವಾಗ ಏನೋ ಒಂದು ಬಿಟ್ಟುಹೋಗುತ್ತದೆ. ಊರು ಮತ್ತು ಅಲ್ಲಿ ಸೇರಿ ಊರಲ್ಲಿ ಆಗುವಾಗ ಒಂದು ಉಕಾರ ಬಲಿಯಾದಂತೆ, ಲೋಪ ಸಂಧಿ. ಮೂರನೆಯದು ಆದೇಶ. ಮಳೆ ಮತ್ತು ಕಾಲ ಸೇರಿದರೆ ಮಳೆಗಾಲ, ಕಕಾರವನ್ನು ಎತ್ತಿ ಗಕಾರ ಕೂರಿಸು. ಕಂಪನಿಯವರಿಗೆ ಬಹಳ ಪ್ರೀತಿಯ ಸಂಧಿ ಇದೇ: ನಿನ್ನ ಹಳೇ ಬಲ್ಬು ಎತ್ತಿ ಬಿಸಾಕು, ನಮ್ಮದು ಕೂರಿಸು.

“ಮತ್ತ ನಮ್ಮ ಮನ್ಯಾಗ ಈಗ ಇರೋದು?”

“ಯಾವುದೂ ಅಲ್ಲ ದೊಡ್ಡಪ್ಪಾ.”

ಅದಕ್ಕೂ ಕೇಶಿರಾಜನ ಕಾಲದಿಂದ ಹೆಸರಿದೆ. ಎರಡು ಸ್ವರ ಎದುರುಬದುರು ನಿಂತಿವೆ, ಸೇರಲು ಎಲ್ಲ ಅನುಕೂಲವೂ ಇದೆ, ಆದರೂ ಸೇರುವುದಿಲ್ಲ. ಪ್ರಕೃತಿಭಾವ. ಅದು ಹೆಚ್ಚಾಗಿ ಕಾಣುವುದು “ಅಯ್ಯೋ”, “ಅಣ್ಣಾ”, “ಓಹೋ” ಎಂದು ಮನುಷ್ಯ ಬಾಯಿಬಿಡುವ ಕಡೆ. ನಮ್ಮ ಮನೆಗೂ ಈ ಸೂತ್ರ ಪೂರ್ತಿ ಅನ್ವಯ.

ಅಳಿಯನ ಬೀಗಕ್ಕಂತೂ ವ್ಯಾಕರಣವೇ ಬೇರೆ. ಅದು ಝಡ್‌ವೇವ್ ಎಂಬ ಡೆನ್ಮಾರ್ಕಿನಲ್ಲಿ ಹುಟ್ಟಿದ ಕುಲದ್ದು. ಇದರ ವಿಚಿತ್ರವೆಂದರೆ ದೇಶಕ್ಕೊಂದು ಶ್ರುತಿ. ಅಮೆರಿಕದಲ್ಲಿ 908.42 ಮೆಗಾಹರ್ಟ್ಸ್, ಭಾರತದಲ್ಲಿ 865.2. ಡಲ್ಲಾಸಿನ ಅಂಗಡಿಯಲ್ಲಿ ಕೊಂಡ ಬೀಗ ಕೊಡ್ಲಿಯ ಬಾಗಿಲ ಮೇಲೆ ಕೂತು ಒಂಬೈನೂರ ಎಂಟರಲ್ಲೇ ಕೂಗುತ್ತಿತ್ತು. ಇಲ್ಲಿ ಆ ಶ್ರುತಿಗೆ ಯಾರೂ ಕಿವಿಗೊಟ್ಟಿಲ್ಲ. ಅಳಿಯ ನಮ್ಮೂರ ಜಾತ್ರೆಗೆ ಬಂದಾಗ ಮೊದಲೆರಡು ದಿನ ಹೀಗೇ ಇರುತ್ತಾನೆ, ಅದಕ್ಕೆ ನನಗೆ ಆಶ್ಚರ್ಯವಾಗಲಿಲ್ಲ. ಜೊತೆಗೆ ತಂದ ಅಲ್ಲಿಯ ಬಲ್ಬು 120 ವೋಲ್ಟಿನದು, ತಿರುಪಿನ ಬುಡದ್ದು. ತಿರುಪಿಗೆ ಹೊಂದಿಕೆಯ ಹೋಲ್ಡರು ಸೇಡಂನಲ್ಲಿ ಸಿಕ್ಕಿತು. ವೋಲ್ಟಿನ ಮಾತು ಆಗ ಯಾರಿಗೂ ನೆನಪಾಗಲಿಲ್ಲ. ನಮ್ಮ 230 ಕಂಡ ಕೂಡಲೇ “ಠುಸ್” ಎಂದು ಅಲ್ಲಿಯೇ ಸಂಸ್ಕಾರ ಮುಗಿಸಿಕೊಂಡಿತು.

ಸಂಜೆ ಕಟ್ಟೆಗೆ ಬಂದ ಕಾಕಾನ ಮುಂದೆ ಇದನ್ನೆಲ್ಲ ತೋಡಿಕೊಂಡೆ. ಕಾಕಾ ವಾಡಿ ಜಂಕ್ಷನ್ನಿನಲ್ಲಿ ಪಾಯಿಂಟ್ಸ್‌ಮನ್ ಆಗಿ ನಿವೃತ್ತರಾದವರು. ಅವರಿಗೆ ಜಗತ್ತೆಲ್ಲ ಹಳಿಯ ಮೇಲೆಯೇ ಓಡುವುದು.

“ಮಾಸ್ತರ, ವಾಡಿಯಾಗ ಮುಂಬಯಿಂದ ರಾಯಚೂರಿಗಿ ಹೋಗೋ ಇಂಗ್ಲಿಷರ ಕಂಪನಿ ಹಳಿ 1871ಕ್ಕ ಮುಗದಿತ್ತು. ನಿಜಾಮರ ಹಳಿ ಸಿಕಂದರಾಬಾದಿಂದ 1874ಕ್ಕ ಬಂದು ಕೂಡ್ತು. ಮಾಲಕರು ಬ್ಯಾರೆ, ರಾಜ್ಯ ಬ್ಯಾರೆ, ಟಿಕೇಟ್ ಬ್ಯಾರೆ. ಆದ್ರ ಹಳಿ ಅಗಲ ಎರಡೂ ಒಂದೇ, ಐದು ಫೂಟ್ ಆರು ಇಂಚು. ಅದಕ್ಕ ಡಬ್ಬಿ ಹಂಗೇ ಉಳ್ಳಿ ಹೋಗ್ತದ. ಹೊಟಗಿಗಿ ಹೋಗಿ ನೋಡಬೇಕಿತ್ತು ನೀವು! ಗದಗಿನ ಕಡಿಗಿ ಹೋಗೋದು ಆಗ ಮೀಟರ್ ಗೇಜ್ ಇತ್ತು. ತೊಗರಿ ಚೀಲ ಈ ಡಬ್ಬಿಯಿಂದ ಇಳಸು, ಹಮಾಲರ ಬೆನ್ನ ಮ್ಯಾಲ ಹೇರು, ಆ ಡಬ್ಬಿಗಿ ಏರಸು. ಚೀಲಕ್ಕೊಂದು ತೂತು ಬಿದ್ದೇ ಬೀಳ್ತಿತ್ತು.”

ಒಂದು ಎಲೆ ಹಾಕಿಕೊಂಡು ಮುಂದುವರಿದರು:

“ನಮ್ಮಪ್ಪ ಹೇಳ್ತಿದ್ದ, ಹಳಿ ಕೂಡಿದ್ರೂ ರೊಕ್ಕ ಕೂಡಿರಲಿಲ್ಲ ಅಂತ. ನಿಜಾಮರದು ಹಾಲಿ ಸಿಕ್ಕಾ, ಇಂಗ್ಲಿಷರದು ಕಲ್ದಾರ್. ಇಲ್ಲಿಯ ಏಳು ಕೊಟ್ರ ಅಲ್ಲಿಯ ಆರು. ನಡುವ ಬದಲಿ ಮಾಡೋ ಸಾಹುಕಾರ ಬದುಕಿದ. ನಿಮ್ಮ ಬಲ್ಬಿನ ಕಂಪನಿಯವ್ರಿಗಿ ವಾಡಿ ಮಾಡ್ಲಾಕ ಬರಲ್ಲ ಅಂತಲ್ಲ ಮಾಸ್ತರ. ಅವರಿಗಿ ಹೊಟಗಿನೇ ಬೇಕಾಗ್ಯಾದ.”

ಇಂಜಿನಿಯರಿಂಗ್ ಹುಡುಗ ಮುಕ್ಕಾಲು ತಾಸಿನಲ್ಲಿ ಹೇಳದೇ ಬಿಟ್ಟದ್ದನ್ನು ಕಾಕಾ ಎಲೆ ಜಗಿಯುತ್ತ ಹೇಳಿದ್ದರು. ಮುಖ ಸಣ್ಣಗೆ ಮಾಡಿಕೊಂಡು ಕೂತಿದ್ದ ನನಗೆ ಇನ್ನೊಂದು ಪೆಟ್ಟು ಕೊಡಲು ಜೇಬಿನಿಂದ ಗುಂಡಿಯ ಫೋನು ತೆಗೆದರು. ಗುರುತು ಹಾಕಿಟ್ಟ ಒಂದು ನಂಬರಿಗೆ ರಿಂಗು ಕೊಟ್ಟು ಕಟ್ ಮಾಡಿದರು. ಎರಡು ಹರದಾರಿ ಆಚೆಯ ಅವರ ಹೊಲದಲ್ಲಿ ಬೋರಿನ ಮೋಟರು ಹತ್ತಿತು. ಸ್ಟಾರ್ಟರಿನ ಪೆಟ್ಟಿಗೆಯೊಳಗೆ ಒಂದು ಸಿಮ್ಮು, ಅಷ್ಟೇ ಕಾರಭಾರ. ಇಂಥ ಸ್ಟಾರ್ಟರುಗಳ ಹಿರಿಯಣ್ಣ ಪುಣೆಯ ಸಂತೋಷ್ ಓಸ್ತವಾಲ್ ಅವರ ನ್ಯಾನೋ ಗಣೇಶ. ರಾತ್ರಿ ಕರೆಂಟು ಬಂದಾಗ ಪಂಪು ಹಚ್ಚಲು ಹೊಲಕ್ಕೆ ನಡೆಯುತ್ತಿದ್ದ ಅಜ್ಜನ ಪಾಡು ಕಂಡವರು ಅವರು. ನಮ್ಮ ರೈತರ ಮನೆಗಳಿಗೆ “ಸ್ಮಾರ್ಟ್” ಬಂದದ್ದು ಪಡಸಾಲೆಯಿಂದಲ್ಲ, ಬೋರಿನಿಂದ. ಅದಕ್ಕೆ ಆಪು ಬೇಡ, ಮಿಸ್ ಕಾಲು ಸಾಕು. ಕಾಕಾ ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ನನ್ನ ಕೈಯ ಫೋನಿನ ಕಡೆಗೊಮ್ಮೆ ನೋಡಿ ಎದ್ದುಹೋದರು.

ಮಾತಾಡುವ ಡಬ್ಬಿಯದು ಹೇಳಲಿಲ್ಲ ಅಲ್ಲವೇ? ಮಗ ಅದಕ್ಕೆ ಇಂಗ್ಲಿಷ್ ಜೊತೆ ಹಿಂದಿ ಹಚ್ಚಿಕೊಟ್ಟಿದ್ದ. ಪಡಸಾಲೆಗೆ “ಲಿವಿಂಗ್ ರೂಮ್” ಎಂದು ಹೆಸರಿಟ್ಟಿದ್ದ. ನಮ್ಮ ಮನೆಯಲ್ಲಿ ಎಲ್ಲಾ ರೂಮಿನಲ್ಲೂ ಲಿವಿಂಗೇ ನಡೆಯುವುದರಿಂದ ಅವ್ವನಿಗೆ ಯಾವುದೆಂದು ತಿಳಿಯಲಿಲ್ಲ. ಪಕ್ಕದ ಮನೆಯ ಖಾಲಾ ದಿನಾ ಮಧ್ಯಾಹ್ನ ಅವ್ವನ ಹತ್ತಿರ ಬಂದು ಕೂಡುತ್ತಾರೆ. ಹಿಂದಿ ಬರುತ್ತದೆಂದು ಕೇಳಿ ಅವರು ಡಬ್ಬಿಗೆ ಹಾಡು ಹಚ್ಚಲು ಹೇಳಿದರು, ಹತ್ತಿತು. ಸಾಕೆನಿಸಿ “ನಕ್ಕೋ ರೇ, ನಕ್ಕೋ” ಅಂದರು. ನಮ್ಮ ಸೀಮೆಯಲ್ಲಿ ನಾಯಿಗೂ ನಕ್ಕೋ ತಿಳಿಯುತ್ತದೆ. ಡಬ್ಬಿಗೆ ತಿಳಿಯಲಿಲ್ಲ. ಇನ್ನೂ ಜೋರಾಗಿ ಹಾಡಿತು. ಖಾಲಾ ಸೆರಗು ತಲೆಯ ಮೇಲೆಳೆದುಕೊಂಡು, “ಕಿತ್ತಾ ಬೋಲೇ ತೋ ಭೀ ಸುನ್ತಾ ನೈ, ಮಾಸ್ತರ್ ಜೈಸಾಚ್ ಹೈ” ಎಂದರು. ಅವ್ವ ನಕ್ಕು ನಕ್ಕು ಕೆಮ್ಮಿದಳು. ಐವತ್ತು ವರ್ಷದಿಂದ ಅವ್ವ ಕನ್ನಡದಲ್ಲಿ ಹೇಳುತ್ತಾಳೆ, ಖಾಲಾ ದಖನಿಯಲ್ಲಿ ಹೇಳುತ್ತಾರೆ. ಇವಳ ಬಾಯಲ್ಲಿ ಅದು ಬಂದದ್ದಿಲ್ಲ, ಅವರ ಬಾಯಲ್ಲಿ ಇದು ಬಂದದ್ದಿಲ್ಲ. ಒಬ್ಬರ ಸೊಸೆಯ ಮೇಲಿನ ದೂರು ಇನ್ನೊಬ್ಬರಿಗೆ ಒಂದಕ್ಷರ ಬಿಡದೆ ತಲುಪುತ್ತದೆ.

ನನ್ನ ಗೋಳು ಕೇಳಿ ಮಗ ಹೊಸ ಮಂತ್ರ ಹೇಳಿದ. “ಅಪ್ಪಾ, ಇನ್ನ ಚಿಂತಿಲ್ಲ, ಮ್ಯಾಟರ್ ಬಂದದ.”

“ಏನ್ ಮ್ಯಾಟರ್?”

“ಮ್ಯಾಟರ್ ಅಪ್ಪಾ.”

“ಅದೇ, ಏನ್ ಮ್ಯಾಟರ್ ಅಂತ ಕೇಳ್ಲತೀನಿ.”

‘ಎಲ್ಲಿ ಕೊಡ್ಲಿ’ಯ ಸೇಡು ಹೀಗೆ ತೀರಿತು. ಸಂಗತಿ ಇಷ್ಟು. 2019ರ ಡಿಸೆಂಬರಿನಲ್ಲಿ ಅಮೆಜಾನ್, ಆಪಲ್, ಗೂಗಲ್ ಎಂಬ ಮೂರು ದಾಯಾದಿಗಳು ಜಿಗ್‌ಬೀ ಒಕ್ಕೂಟದವರ ಜೊತೆ ಒಂದೇ ಚಾಪೆಯ ಮೇಲೆ ಕೂತರು. ಎಲ್ಲ ಸಾಮಾನಿಗೂ ಒಂದೇ ಭಾಷೆ ಕಲಿಸೋಣ ಎಂದು ಒಪ್ಪಿದರು. 2021ರಲ್ಲಿ ಅದಕ್ಕೆ ಮ್ಯಾಟರ್ ಎಂದು ನಾಮಕರಣವಾಯಿತು, 2022ರ ಅಕ್ಟೋಬರಿನಲ್ಲಿ ಮೊದಲ ಆವೃತ್ತಿ ಹೊರಬಂತು. ಮೂರು ಬಾಣ ಮೂರು ದಿಕ್ಕಿನಿಂದ ನಡುವಿಗೆ ಮುಖ ಮಾಡಿದ ಗುರುತು. ಅದಿದ್ದರೆ ಯಾವ ಕಂಪನಿಯ ಬಲ್ಬು ಯಾರ ಆಪಿಗಾದರೂ ಓಗೊಡಬೇಕು. ಒಂದೇ ಬಲ್ಬಿಗೆ ಏಕಕಾಲಕ್ಕೆ ನಾಲ್ಕು ಯಜಮಾನರೂ ಇರಬಹುದಂತೆ. ಕೂಡುಮನೆಯ ಸೊಸೆಯರು ಇದನ್ನು ಓದಿದರೆ ಆ ಬಲ್ಬಿನ ಮೇಲೆ ಕನಿಕರ ಪಡುತ್ತಾರೆ.

ಆ ಗುರುತಿನ ಬಲ್ಬೂ ಬಂತು. ಕೂಡಿಸಲು ಹನ್ನೊಂದು ಅಂಕಿಯ ಸಂಖ್ಯೆ ಬೇಕು. ಅದನ್ನು ಅಚ್ಚು ಹಾಕಿದ್ದು ಬಲ್ಬಿನ ಕುತ್ತಿಗೆಯ ಮೇಲೆ. ನಾನು ಬಲ್ಬನ್ನು ಹಾಕಿದ್ದು ಹನ್ನೆರಡು ಅಡಿ ಎತ್ತರದಲ್ಲಿ. ನಿಚ್ಚಣಿಕೆ ತಂದು, ಹತ್ತಿ, ಬಿಚ್ಚಿ, ಬರೆದುಕೊಂಡು, ಇಳಿದು, ಏಳನ್ನು ಒಂದೆಂದು ಓದಿದ್ದಕ್ಕೆ ಮತ್ತೆ ಹತ್ತಿ, ಕಡೆಗೂ ಕೂಡಿಸಿದೆ. ಕೂಡಿತು! ಸುಳ್ಳು ಯಾಕೆ ಹೇಳಲಿ, ಹಚ್ಚಿದರೆ ಹತ್ತುತ್ತದೆ, ಆರಿಸಿದರೆ ಆರುತ್ತದೆ, ಸಣ್ಣಗೆ ಅಂದರೆ ಸಣ್ಣಗಾಗುತ್ತದೆ. ಆದರೆ ಡಬ್ಬಿಯ ಮೇಲೆ ಚಿತ್ರ ಹಾಕಿದ್ದ ಹಬ್ಬದ ಬಣ್ಣ, ಹಾಡಿಗೆ ತಕ್ಕ ಕುಣಿತ ಇವು ಬೇಕೆಂದರೆ ಅದರ ತವರಿನ ಆಪಿಗೇ ಹೋಗಬೇಕು. ಹೊಸ ಬೀಗರು ಮೊದಲ ಸಲ ಭೇಟಿಯಾದಂತೆ: ನಮಸ್ಕಾರ, ಊಟ ಆಯ್ತಾ, ಮಳಿ ಹ್ಯಾಂಗದ ಅಷ್ಟೇ, ಒಳಗಿನ ಮಾತಿಲ್ಲ. ಅಪ್ಪಟ ಲೋಪ ಸಂಧಿ. ಬಾಗಿಲ ಕ್ಯಾಮೆರಾಗಂತೂ ಆ ಮೊದಲ ಆವೃತ್ತಿಯ ಪಂಕ್ತಿಯಲ್ಲಿ ಎಲೆಯೇ ಹಾಕಿರಲಿಲ್ಲ.

ಇನ್ನೊಂದು ಭಯ ಹುಟ್ಟಿಸಿದವನು ತಮ್ಮನ ಮಗ. ಹಳೇ ವೈಫೈ ಬಲ್ಬಿಗೆ ನಾನು ಫೋನಿನಿಂದ ಕೊಟ್ಟ ಅಪ್ಪಣೆ ಪಡಸಾಲೆಯಿಂದ ನೇರ ಪಡಸಾಲೆಗೆ ಹೋಗುವುದಿಲ್ಲವಂತೆ. ಎಲ್ಲೋ ದೂರದ ಊರಿನ ಕಂಪ್ಯೂಟರಿಗೆ ಹೋಗಿ, ಅಲ್ಲಿಂದ ಒಪ್ಪಿಗೆ ಪಡೆದು ತಿರುಗಿ ಬರುತ್ತದಂತೆ. ಆ ಊರಿನ ಹೆಸರು ಕ್ಲೌಡ್. ಆ ಕಂಪನಿ ಅಂಗಡಿ ಮುಚ್ಚಿದರೆ ನಮ್ಮ ಸಾಮಾನು ಕಲ್ಲು. ಕತೆಯಲ್ಲ ಇದು. ಅಮೆರಿಕದಲ್ಲಿ ರಿವಾಲ್ವ್ ಎಂಬ ಹಬ್ ಇತ್ತು. ಅದನ್ನು ನೆಸ್ಟ್ ಕೊಂಡಿತು, 2016ರ ಮೇ ತಿಂಗಳಲ್ಲಿ ಅದರ ಸೇವೆ ನಿಂತುಹೋಯಿತು. 2022ರ ಏಪ್ರಿಲಿನಲ್ಲಿ ಇನ್‌ಸ್ಟಿಯಾನ್ ಎಂಬ ಕಂಪನಿಯ ಕ್ಲೌಡು ಹೇಳದೆ ಕೇಳದೆ ಬಂದಾಗಿ ಗಿರಾಕಿಗಳು ತಲೆಯ ಮೇಲೆ ಕೈಹೊತ್ತರು. ನಾನು ಇದನ್ನು ಅವ್ವನಿಗೆ ತಿಳಿಸಿ ಹೇಳಲು ಕ್ಲೌಡ್ ಅಂದರೆ ಮೋಡ ಎಂದೆ.

“ಮಾಡ ಬಂದ್ರ ಕರೆಂಟ್ ಹೋಗ್ತದ, ಅದು ಗೊತ್ತದ. ಮಾಡ ಹೋದ್ರೂ ಬತ್ತಿ ಹೋಗ್ತದಂದ್ರ ಇದ್ಯಾವ ನಕ್ಷತ್ರದ್ದಪ್ಪ?”

ಅದಕ್ಕಾಗಿ ಹುಡುಗ ಅಂಗೈಯಗಲದ ಒಂದು ಕಂಪ್ಯೂಟರು ತಂದು ದೇವರ ಜಗಲಿಯ ಪಕ್ಕ ಇಟ್ಟ. ಅದರೊಳಗೆ ಹೋಮ್ ಅಸಿಸ್ಟೆಂಟ್ ಎಂಬ ಪುಕ್ಕಟೆ ತಂತ್ರಾಂಶ ಹಾಕಿದ. ಪೌಲಸ್ ಸ್ಕೌಟ್ಸನ್ ಎಂಬ ಡಚ್ಚರವನು 2013ರಲ್ಲಿ ಶುರು ಮಾಡಿದ್ದು. ಆಮೇಲೆ ಜಗತ್ತಿನ ಸಾವಿರಾರು ಜನ ಸಂಬಳವಿಲ್ಲದೆ ಕೈಹಚ್ಚಿ ಬೆಳೆಸಿದ್ದಾರೆ. ಸೇಡಂ ಬಜಾರಿನ ಅಡತಿ ಅಂಗಡಿಯವನಂತೆ ಇದಕ್ಕೆ ಎಲ್ಲಾ ಊರಿನ ಗಿರಾಕಿಗಳ ಭಾಷೆಯೂ ಅಷ್ಟಷ್ಟು ಬರುತ್ತದೆ, ದಲಾಲಿ ಮಾತ್ರ ತೆಗೆದುಕೊಳ್ಳುವುದಿಲ್ಲ. ನನಗೆ ಮನಸ್ಸಿಗೆ ಬಂದದ್ದು ಇದೊಂದೇ. ಏಳರಲ್ಲಿ ಐದು ಸಾಮಾನು ಅದರ ಮಾತು ಕೇಳಿದವು. ತೊಂದರೆ ಏನೆಂದರೆ ಅದಕ್ಕೆ ನಿಯಮ ಬರೆಯುವಾಗ ಸಾಲಿನ ಮೊದಲಿಗೆ ಬಿಡುವ ಜಾಗ ಒಂದು ಹೆಚ್ಚುಕಡಿಮೆಯಾದರೂ ಇಡೀ ಮನೆ ಮುಷ್ಕರ ಹೂಡುತ್ತದೆ. “ಒಂದು ದೀರ್ಘ ತಪ್ಪಿದ್ದಕ್ಕ ಅರ್ಧ ಮಾರ್ಕ್ಸ್ ಕಳೀತಿದ್ರಿ ದೊಡ್ಡಪ್ಪಾ, ಇದು ನಿಮ್ಮ ಶಾಪನೇ” ಎಂದ ಹುಡುಗ.

ನಿಯಮದ ತಿರುಳು ಒಂದೇ ವಾಕ್ಯ, ಹಿಂಗಾದ್ರ ಹಂಗ ಮಾಡು. ಅದನ್ನವನು ಬಹಳ ಹೆಮ್ಮೆಯಿಂದ ವಿವರಿಸುತ್ತಿದ್ದಾಗ ಅವ್ವ ಅಂಗಳದಿಂದಲೇ ಕೂಗಿದಳು: “ಏ ಹುಡುಗಾ, ಚಿಂಚೋಳಿ ಕಡಿಂದ ಕಪ್ಪಾಗಿ ಬರ್ಲತದ, ಮಾಳಗಿ ಮ್ಯಾಲಿನ ಸಂಡಿಗಿ ಒಳಗ ತಾ!” ಅವನು ಎದ್ದು ಓಡಿದ. ಅವನು ಇನ್ನೂ ಕೂಡಿಸುತ್ತಿದ್ದ ಯಂತ್ರ, ಅವ್ವನದು ನಡೆಯುತ್ತಿತ್ತು.

ಆ ಮೋಡವೇ ರಾತ್ರಿ ದೊಡ್ಡ ಗಾಳಿಮಳೆಯಾಯಿತು. ಕರೆಂಟು ಹೋಯಿತು, ಬಂತು, ಹೋಯಿತು, ಬಂತು. ಹೀಗೆ ಐದು ಸಲ. ಈಗ ಒಂದು ಗುಟ್ಟು ಕೇಳಿ. ಇಂಥ ಬಲ್ಬುಗಳಲ್ಲಿ ಬಹಳವನ್ನು ಹೊಸದಾಗಿ ಕೂಡಿಸಬೇಕಾದರೆ ಸ್ವಿಚ್ಚನ್ನು ಸರಸರನೆ ಮೂರೋ ಐದೋ ಸಲ ಆರಿಸಿ ಹಚ್ಚಬೇಕು. ಆಗ ಬಲ್ಬು ಹಳೆಯದನ್ನೆಲ್ಲ ಮರೆತು ಕಣ್ಣು ಮಿಟುಕಿಸುತ್ತ “ನನ್ನನ್ನು ಯಾರಾದರೂ ಕರೆದುಕೊಳ್ಳಿ” ಅನ್ನುತ್ತದೆ. ಗಾಳಿಮಳೆ ಆ ಕೆಲಸ ಮಾಡಿತ್ತು. ಗುಡುಗು, ಕತ್ತಲು, ಪಡಸಾಲೆಯ ಬಲ್ಬು ಪಿಳಿಪಿಳಿ. ಮೂಲೆಯಲ್ಲಿ ಮಾತಿನ ಡಬ್ಬಿ ಎಚ್ಚರಾಗಿ ತನ್ನಷ್ಟಕ್ಕೇ ಇಂಗ್ಲಿಷಿನಲ್ಲಿ ಏನೋ ಗೊಣಗಿತು.

“ಗಾಳಿ ಬಡದದ ಇದಕ್ಕ,” ಅಂದಳು ಅವ್ವ. “ನಿಂಬಿಹಣ್ಣು ತಗೊಂಡ್ ಬಾ.”

ಮನೆಯಾಕೆ ನಿಂಬೆಹಣ್ಣು ತಂದು ಬಲ್ಬಿಗೆ ಇಳಿ ತೆಗೆದಳು. ಕಾಕತಾಳೀಯವೋ ಏನೋ, ಇಳಿ ತೆಗೆದು ಮುಗಿಯುತ್ತಿದ್ದಂತೆ ಕರೆಂಟು ಪೂರಾ ಹೋಯಿತು, ಬಲ್ಬು ಸುಮ್ಮನಾಯಿತು. ಅವ್ವ ನನ್ನ ಕಡೆ ನೋಡಿದ ನೋಟಕ್ಕೆ ಯಾವ ಆಪಿನಲ್ಲೂ ಉತ್ತರವಿರಲಿಲ್ಲ.

ನಸುಕಿನ ಮೂರಕ್ಕೆ ಕರೆಂಟು ಬಂತು. ಬಂದ ಕೂಡಲೇ, ತಾವು ಮಲಗಿದ್ದೆವೋ ಎಚ್ಚರಿದ್ದೆವೋ ನೆನಪಿಲ್ಲದ ಅಷ್ಟೂ ಬಲ್ಬುಗಳು ಒಟ್ಟಿಗೆ ಝಗ್ಗೆಂದು ಹತ್ತಿದವು. ಕಿಡಕಿಯಲ್ಲಿ ಬೆಳಕು ಕಂಡ ಅವ್ವ ಬೆಳಗಾಯಿತೆಂದು ಎದ್ದು ಕೊಡ ಹಿಡಿದು ಅಂಗಳಕ್ಕೆ ಥಳಿ ಹೊಡೆಯಲು ಹೋದಳು. ಬಾಗಿಲ ಕ್ಯಾಮೆರಾ ಅವಳನ್ನು ಕಂಡು ಬೆಂಗಳೂರಿಗೆ ಸುದ್ದಿ ಮುಟ್ಟಿಸಿತು: ಮನೆ ಮುಂದೆ ಒಬ್ಬ ವ್ಯಕ್ತಿ. ಡಲ್ಲಾಸಿನಲ್ಲಿ ಅದು ಹಿಂದಿನ ದಿನದ ಸಂಜೆ, ಅಳಿಯನಿಗೂ ಅದೇ ಸುದ್ದಿ. ಮಗ ನನಗೆ ಫೋನ್ ಮಾಡಿದ, ಅಳಿಯ ಮಗಳನ್ನು ಕೂಗಿದ, ಮಗಳು ತನ್ನ ಅವ್ವನಿಗೆ ಫೋನ್ ಮಾಡಿದಳು. ಫೋನಿನ ಸದ್ದಿಗೆ ಮಾತಿನ ಡಬ್ಬಿಯೂ ಬಾಯಿ ಹಾಕಿತು. ಖಾಲಾನ ಮನೆಯಲ್ಲಿ ದೀಪ ಹತ್ತಿತು, ಕಾಕಾ ಕೋಲು ಹಿಡಿದು ಓಡಿ ಬಂದರು.

ಏಳು ಕಂಪನಿಯ ಸಾಮಾನು ಒಂದರ ಕೈ ಒಂದು ಹಿಡಿದು ಸರಿಯಾಗಿ ಕೆಲಸ ಮಾಡಿದ್ದು ಅದೊಂದೇ ರಾತ್ರಿ. ನಡುವೆ ಹಬ್ ಆಗಿ ಕೊಡ ಹಿಡಿದು ನಿಂತವಳು ಅವ್ವ.

ಆಮೇಲಿನ ವಾರ ನಾನು ಸ್ನಾನಕ್ಕೆ ಹೋಗಿದ್ದಾಗ ಫೋನು ಬಂತು. ಅವ್ವ ಎತ್ತಿದಳು.

“ಆಯಿ, ಡಬ್ಬಿ ಬಂದದ್ರಿ. ಎಲ್ಲಿ ಕೊಡ್ಲಿ?”

“ಏನದು? ಮೊದ್ಲ ಅದನ್ನ ಹೇಳು.”

“ಹೊಸಾ ಹಬ್ ಅಂತ ಬರದದ ನೋಡ್ರಿ ಮ್ಯಾಲ. ಎಲ್ಲಾ ಸಾಮಾನಿನ ಜೊತಿ ಮಾತಾಡ್ತದಂತ.”

ಅವ್ವ ಒಂದು ಕ್ಷಣ ಸುಮ್ಮನಿದ್ದಳು. ಬಚ್ಚಲಿನಲ್ಲಿ ನಾನು ಚೊಂಬು ಹಿಡಿದು ಕಿವಿಗೊಟ್ಟೆ.

“ಅದಕ್ಕ ನಕ್ಕೋ ಅಂದ್ರ ತಿಳೀತದೇನ್ ಕೇಳು ಮೊದ್ಲ,” ಅಂದಳು. “ತಿಳದ್ರ ಕೊಡು.”